ಪೆಟ್ರೋಲಿನ ಪಾಪ ಯಾರದು?

ದೂರುವುದಕ್ಕೆ ಯಾರಾದರೊಬ್ಬರು ಇಲ್ಲದೆ ಹೋಗಿದ್ದರೆ ಮನುಷ್ಯನ ಬಾಳು ಈಗಿರುವುದಕ್ಕಿಂತ ಎಷ್ಟೋ ಪಾಲು ಕಠಿನವಾಗುತ್ತಿತ್ತೆಂದು ನನಗೆ ಅನೇಕ ವೇಳೆ ತೋರಿದೆ. ಮಳೆ ಬಾರದಿದ್ದರೆ ದೇವರನ್ನು, ಬಂದ ಮಳೆಗೆ ಬೀದಿ ಕೆರೆಯಾದರೆ ನಗರಪಾಲಿಕೆಯನ್ನು, ಸಾರಿಗೆ ಉಪ್ಪು ಹೆಚ್ಚಾದರೆ ಸೊಸೆಯನ್ನು, ಮಗ ಪರೀಕ್ಷೆಯಲ್ಲಿ ನಪಾಸಾದರೆ ಮೇಷ್ಟರನ್ನು ದೂರುವುದು ಲೋಕರೂಢಿ. (ಕೊನೆಯದರ ಅನುಭವ ವೃತ್ತಿವಶಾತ್ ನನಗೆ ಸಾಕಷ್ಟಿದೆ.) ದೂರಿದ ಮಾತ್ರಕ್ಕೆ ಮಳೆ ಸುರಿಯುವುದಿಲ್ಲ, ಸಾರು ಸಪ್ಪೆಯಾಗುವುದಿಲ್ಲ, ಹುಡುಗ ಪಾಸಾಗುವುದೂ ಇಲ್ಲ. ಆದರೂ ಎದೆಯ ಮೇಲಿನ ಭಾರವೊಂದು ಇಳಿದಂತಾಗುತ್ತದೆ. ಆದಕಾರಣ ದೂರಿಗೆ ಗುರಿಯಾಗುವವನು ಸಮಾಜಕ್ಕೆ ಒಂದು ಬಗೆಯ ಉಪಕಾರಿಯೇ ಸರಿ.

ಪೆಟ್ರೋಲಿನ ಬೆಲೆಯ ವಿಷಯದಲ್ಲಿ ಈ ಉಪಕಾರವನ್ನು ಬಹುಕಾಲದಿಂದ ಮಾಡುತ್ತ ಬಂದಿರುವವರು ಎಣ್ಣೆ ಕಂಪನಿಯವರು. ಬೆಲೆ ಏರಿದ ದಿನ ಬೆಳಗ್ಗೆ ಯಾವುದಾದರೂ ಬಂಕಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. "ಈ ಕಂಪನಿಯವರು ನಮ್ಮ ರಕ್ತ ಹೀರುತ್ತಿದ್ದಾರೆ" ಎಂಬ ಮಾತು ಸಾಲಿನಲ್ಲಿ ನಿಂತ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಉಳಿದವರು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಸರದಿ ಬರುತ್ತದೆ. ಟ್ಯಾಂಕಿನ ಮುಚ್ಚಳ ತೆಗೆಯುತ್ತೇವೆ. "ಸೊನ್ನೆ ನೋಡ್ಕೊಳ್ಳಿ ಸಾರ್" ಎನ್ನುವ ಹುಡುಗನ ಮಾತಿನಂತೆ ಸೊನ್ನೆಯನ್ನು ನೋಡುತ್ತೇವೆ. ಆ ಸೊನ್ನೆ ಮುಂದೆ ಯಾವ ಯಾವ ಅಂಕಿಗಳಾಗಿ ಯಾರ ಯಾರ ಮನೆಗೆ ಹೋಗುತ್ತದೆಂಬುದನ್ನು ಮಾತ್ರ ನೋಡುವುದಿಲ್ಲ.

ನಾನು ವಾಸವಾಗಿರುವುದು ಮಹಾಲಕ್ಷ್ಮಿ ಲೇಔಟಿನಲ್ಲಿ. ಸಂಪತ್ತಿನ ಅಧಿದೇವತೆಯ ಹೆಸರನ್ನು ಹೊತ್ತ ಬಡಾವಣೆಯಾದರೂ ಇಲ್ಲಿನ ಬಹುಪಾಲು ಮನೆಗಳಿಗೆ ಆ ತಾಯಿ ಬರುವುದು ತಿಂಗಳ ಮೊದಲನೆಯ ತಾರೀಖು. ಹತ್ತನೆಯ ತಾರೀಖಿನ ಹೊತ್ತಿಗೆ ಬಂದ ದಾರಿಯಲ್ಲೇ ಹೊರಟುಹೋಗುವುದು. ದಿಣ್ಣೆಯ ಮೇಲೆ ವೀರಾಂಜನೇಯಸ್ವಾಮಿ ಎತ್ತರಕ್ಕೆ ನಿಂತಿದ್ದಾನೆ. ಒಂದು ತೊಟ್ಟು ಎಣ್ಣೆಯನ್ನೂ ಸುಡದೆ ಸಮುದ್ರವನ್ನು ದಾಟಿದ ಆ ಮಹಾನುಭಾವನಿಗೆ ಪ್ರದಕ್ಷಿಣೆ ಹಾಕಲು ನಾವೆಲ್ಲ ಸ್ಕೂಟರಿನ ಮೇಲೆ ಹೋಗುತ್ತೇವೆ. ನಾನು ಪಾಠ ಹೇಳುವ ಕಾಲೇಜು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯಿಂದ ಆಚೆಗೆ ಇದೆ. ಮಹಾಲಕ್ಷ್ಮಿ ನಿಲ್ದಾಣಕ್ಕೆ 2014ರ ಮಾರ್ಚ್ 1ರಂದೇ ಮೆಟ್ರೊ ಬಂದಿತಾದರೂ ಅದು ಹೋಗುವ ದಿಕ್ಕೇ ಬೇರೆ, ನನ್ನ ಕಾಲೇಜಿನ ದಿಕ್ಕೇ ಬೇರೆ. ಎರಡು ಬಸ್ಸು ಹಿಡಿದು ಹೋದರೆ ಮೊದಲನೆಯ ಪೀರಿಯಡ್ಡಿಗೆ ನಾನು ತಲುಪುವ ಹೊತ್ತಿಗೆ ಪಂಪನ ಅರಿಕೇಸರಿ ಯುದ್ಧವನ್ನು ಗೆದ್ದು ಮುಗಿಸಿರುತ್ತಾನೆ. ಹೀಗಾಗಿ ಸ್ಕೂಟರು ನನಗೆ ಭೋಗವಲ್ಲ, ಉಪ್ಪು ಬೇಳೆಗಳ ಸಾಲಿಗೆ ಸೇರಿದ ಸಾಮಗ್ರಿ. ತಿಂಗಳಿಗೆ ಹನ್ನೆರಡು ಲೀಟರು. ಸಾವಿರದ ಇನ್ನೂರು ರೂಪಾಯಿಗೆ ಕಡಿಮೆ ಇಲ್ಲದ ಖರ್ಚು.

ನಮ್ಮ ಪಾರ್ಕಿನಲ್ಲಿ ಸಂಜೆಯ ಹೊತ್ತು ಒಂದು ಕಲ್ಲುಬೆಂಚಿನ ಮೇಲೆ ಸಭೆ ಸೇರುವುದುಂಟು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಸರ್ಕಾರದ ಸೆಕ್ರೆಟೇರಿಯಟ್ಟಿನಿಂದ ನಿವೃತ್ತರಾದವರೊಬ್ಬರು, ದಿನಸಿ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಸೆಟ್ಟರೊಬ್ಬರು ಇದರ ಖಾಯಂ ಸದಸ್ಯರು. ವಯಸ್ಸಿನಲ್ಲಿ ಕಿರಿಯನಾದ ನಾನು ಅತಿಥಿ ಸದಸ್ಯ. ಒಂದು ಸಂಜೆ ಮಾತು ಪೆಟ್ರೋಲಿಗೆ ಹೊರಳಿತು.

"ತಪ್ಪು ನೂರಕ್ಕೆ ನೂರು ಕಂಪನಿಗಳದು, ಮೇಷ್ಟ್ರೇ," ಎಂದರು ಬ್ಯಾಂಕಿನವರು. "2023–24ನೆಯ ಒಂದೇ ವರ್ಷದಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಈ ಮೂರೂ ಸೇರಿ ಗಳಿಸಿದ ಲಾಭ ಸುಮಾರು 81 ಸಾವಿರ ಕೋಟಿ. ನಮ್ಮ ಜೇಬಿನಿಂದಲ್ಲದೆ ಮತ್ತೆಲ್ಲಿಂದ ಬಂತು?"

"ಅವರ ಹಿಂದಿನ ವರ್ಷ ಅವರೇ ನಷ್ಟದಲ್ಲಿರಲಿಲ್ಲವೆ?" ಎಂದರು ಸೆಕ್ರೆಟೇರಿಯಟ್ಟಿನವರು.

"ಯಾರ ಲಾಭವೋ ಯಾರ ನಷ್ಟವೋ ನಾ ಕಾಣೆ ಸ್ವಾಮಿ," ಎಂದರು ಸೆಟ್ಟರು. "ಡೀಸೆಲ್ಲು ಎರಡು ರೂಪಾಯಿ ಏರಿತೆಂದರೆ ಯಶವಂತಪುರದ ಮಂಡಿಯಿಂದ ಬರುವ ಈರುಳ್ಳಿ ಮೂಟೆಗೆ ಬಾಡಿಗೆ ಏರುತ್ತೆ. ಗಿರಾಕಿ ಬೈಯುವುದು ನನ್ನನ್ನು."

ಮೂವರ ಮಾತಿನಲ್ಲಿಯೂ ಸತ್ಯಾಂಶವಿದೆಯೆಂದು ನನಗೆ ಅನ್ನಿಸಿತು. ಕನ್ನಡ ಮೇಷ್ಟರಿಗೆ ಎಣ್ಣೆಯ ಅರ್ಥಶಾಸ್ತ್ರ ಏಕೆಂದು ವಾಚಕರು ಕೇಳಬಹುದು. ಹಳಗನ್ನಡದ ಒಂದು ಪದ್ಯವನ್ನು ಅನ್ವಯಿಸಿ ಪದಪದವನ್ನೂ ಬಿಡಿಸಿ ಅರ್ಥ ಹೇಳುವವನಿಗೆ ಬಂಕಿನ ಬೆಲೆಯ ಹಲಗೆಯನ್ನು ಬಿಡಿಸುವುದು ಅಷ್ಟೇನೂ ದೊಡ್ಡ ಕಷ್ಟವಲ್ಲ. ಸಂಧಿ ಸಮಾಸಗಳು ಅಲ್ಲಿಯೂ ಇವೆ.

ಬಿಡಿಸಿ ನೋಡೋಣ. 2025ರ ಮಧ್ಯಭಾಗದಲ್ಲಿ ಬೆಂಗಳೂರಿನಲ್ಲಿ ಒಂದು ಲೀಟರು ಪೆಟ್ರೋಲಿಗೆ ಹತ್ತಿರ ಹತ್ತಿರ 103 ರೂಪಾಯಿ ಇತ್ತು. ಇದರಲ್ಲಿ ಕೇಂದ್ರ ಸರ್ಕಾರದ ಅಬಕಾರಿ ಸುಂಕ 21 ರೂಪಾಯಿ 90 ಪೈಸೆ. ನಮ್ಮ ರಾಜ್ಯದ ಮಾರಾಟ ತೆರಿಗೆ ಶೇಕಡಾ 29.84, ರೂಪಾಯಿಯ ಲೆಕ್ಕದಲ್ಲಿ ಸುಮಾರು ಇಪ್ಪತ್ತೆರಡೂವರೆ. ಬಂಕಿನ ಮಾಲೀಕನ ಕಮಿಷನ್ನು ನಾಲ್ಕು ರೂಪಾಯಿ ಚಿಲ್ಲರೆ. ಉಳಿದ ಸುಮಾರು 54 ರೂಪಾಯಿ ಕಂಪನಿಗೆ. ಈ 54ರ ಒಳಗೂ ಒಂದಿಷ್ಟು ಇಳಿದು ನೋಡಬೇಕು. ಕಚ್ಚಾ ತೈಲದ ಒಂದು ಪೀಪಾಯಿಯೆಂದರೆ 159 ಲೀಟರು. ಪೀಪಾಯಿಗೆ 70 ಡಾಲರೆಂದೂ ಡಾಲರಿಗೆ 86 ರೂಪಾಯಿಯೆಂದೂ ಇಟ್ಟುಕೊಂಡರೆ ಒಂದು ಲೀಟರು ಕಚ್ಚಾ ತೈಲಕ್ಕೆ 38 ರೂಪಾಯಿ ಬೀಳುತ್ತದೆ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರದೇಶಗಳದಾದುದರಿಂದ ಈ 38 ರೂಪಾಯಿಯ ಬಹುಭಾಗ ಸಮುದ್ರ ದಾಟಿ ಹೋಗುತ್ತದೆ. ಮಿಕ್ಕ ಹದಿನೈದು ಹದಿನಾರು ರೂಪಾಯಿಯಲ್ಲಿ ಹಡಗಿನ ಬಾಡಿಗೆ, ಮಂಗಳೂರಿನಂಥ ಕಡೆ ಶುದ್ಧೀಕರಿಸುವ ಖರ್ಚು, ಅಲ್ಲಿಂದ ಹಾಸನದ ಮಾರ್ಗವಾಗಿ ಹೊಸಕೋಟೆಯ ಬಳಿಯ ದೇವನಗೊಂದಿಗೆ ನೆಲದಡಿಯ ಕೊಳವೆಯಲ್ಲಿ ಸುಮಾರು 360 ಕಿಲೋಮೀಟರು ಹರಿದು ಬರುವ ಖರ್ಚು, ಕೊನೆಗೆ ಕಂಪನಿಯ ಲಾಭ, ಇವೆಲ್ಲ ಸೇರಿವೆ.

ಈಗ ಬ್ಯಾಂಕಿನವರ 81 ಸಾವಿರ ಕೋಟಿಗೆ ಬರೋಣ. ಹೇಳುವಾಗ ಬಾಯಿ ತುಂಬುವ ಅಂಕಿ ಅದು. ಆದರೆ ಆ ವರ್ಷ ದೇಶದಲ್ಲಿ ಖರ್ಚಾದ ತೈಲೋತ್ಪನ್ನಗಳು ಸುಮಾರು 23 ಕೋಟಿ ಟನ್ನು. ಲಾಭವನ್ನೆಲ್ಲ ಅದರ ಮೇಲೆ ಹರಡಿದರೆ ಲೀಟರಿಗೆ ಮೂರು ರೂಪಾಯಿಯ ಆಸುಪಾಸು. ಮಾರಿದ್ದೆಲ್ಲ ಈ ಮೂರು ಕಂಪನಿಗಳೇ ಅಲ್ಲವಾದ್ದರಿಂದ ಅದಕ್ಕಿಂತ ತುಸು ಹೆಚ್ಚು ಎನ್ನಿ. ಲೆಕ್ಕ ಒರಟಾದರೂ ಅದರ ತಾತ್ಪರ್ಯ ಸ್ಪಷ್ಟ. ಕಂಪನಿಯವರು ಆ ವರ್ಷದ ಲಾಭವನ್ನು ಒಂದು ಕಾಸೂ ಬಿಡದೆ ದಾನ ಮಾಡಿಬಿಟ್ಟಿದ್ದರೂ ನನ್ನ ಲೀಟರಿನ ಬೆಲೆ ನೂರರ ಆಜುಬಾಜಿನಲ್ಲೇ ಇರುತ್ತಿತ್ತು. ಅದೇ ಲೀಟರಿನ ಮೇಲಿನ ಎರಡು ಸರ್ಕಾರಗಳ ತೆರಿಗೆ ಮಾತ್ರ ನಲವತ್ತನಾಲ್ಕು ರೂಪಾಯಿ.

ಹಾಗೆಂದ ಮಾತ್ರಕ್ಕೆ ಕಂಪನಿಗಳು ಹಾಲಿನಲ್ಲಿ ತೊಳೆದ ಮುತ್ತುಗಳೆಂದು ನಾನು ವಾದಿಸುತ್ತಿಲ್ಲ. ಅವರ ಮೇಲಿನ ಆಪಾದನೆಗಳಲ್ಲಿ ಎರಡಕ್ಕೆ ಬಲವಿದೆ. ಮೊದಲನೆಯದು, ಬೆಲೆಯನ್ನು ಕಟ್ಟುವ ರೀತಿ. ಮಂಗಳೂರಿನಲ್ಲಿ ಶುದ್ಧಿಯಾದ ಪೆಟ್ರೋಲಿಗೂ ಮುಖ್ಯವಾಗಿ ಹೊರದೇಶದ ಪೇಟೆಯಲ್ಲಿ ಸಿದ್ಧ ಪೆಟ್ರೋಲಿಗೆ ಇರುವ ಬೆಲೆಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಹಿತ್ತಲಿನಲ್ಲಿ ಬೆಳೆದ ತೆಂಗಿನಕಾಯಿಗೂ ಕೆ.ಆರ್. ಮಾರ್ಕೆಟ್ಟಿನ ಬೆಲೆ ಕೇಳಿದಂತೆ ಇದು. ಎರಡನೆಯದು, ಪೇಟೆ ಏರಿದಾಗ ತೋರುವ ಚುರುಕು ಇಳಿದಾಗ ಕಾಣುವುದಿಲ್ಲವೆಂಬುದು. 2022ರ ಜೂನ್ ತಿಂಗಳಲ್ಲಿ ಪೀಪಾಯಿಗೆ 115 ಡಾಲರು ದಾಟಿದ್ದ ಕಚ್ಚಾ ತೈಲ 2023ರ ಮಾರ್ಚ್ ಹೊತ್ತಿಗೆ 80ರ ಕೆಳಗೆ ಇಳಿದಿತ್ತು. ಕಂಪನಿಗಳು ಬೆಲೆ ಇಳಿಸಿದ್ದು 2024ರ ಮಾರ್ಚ್ ಮಧ್ಯದಲ್ಲಿ. ಅದೂ ಎರಡು ರೂಪಾಯಿ. ಅದೂ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ. ಆದರೆ ಅವರ ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ, ಪೇಟೆ ಏರಿದರೂ ಬೆಲೆ ಏರಿಸದೆ ಹಿಡಿದಿಟ್ಟ ಕಾರಣದಿಂದ, ಈ ಮೂರು ಕಂಪನಿಗಳಿಗೆ ಒಟ್ಟು 21 ಸಾವಿರ ಕೋಟಿಗೂ ಮೀರಿ ನಷ್ಟವಾಗಿತ್ತು.

ಏರಿಸದೆ ಹಿಡಿದಿಟ್ಟವರು ಯಾರು? ಇಲ್ಲಿ ಕಥೆ ಸ್ವಾರಸ್ಯವಾಗುತ್ತದೆ. ಕಾಗದದ ಮೇಲೆ ನೋಡಿದರೆ ಪೆಟ್ರೋಲಿನ ಬೆಲೆಯನ್ನು ಸರ್ಕಾರ 2010ರ ಜೂನ್‌ನಲ್ಲಿಯೇ ಕಂಪನಿಗಳ ಕೈಗೆ ಬಿಟ್ಟುಕೊಟ್ಟಿತು. ಡೀಸೆಲ್ಲಿನದನ್ನು 2014ರ ಅಕ್ಟೋಬರ್‌ನಲ್ಲಿ. 2017ರ ಜೂನ್ 16ರಿಂದ ಪ್ರತಿದಿನವೂ ಬೆಳಗ್ಗೆ ಬೆಲೆ ಬದಲಾಗತಕ್ಕದ್ದೆಂದೂ ಏರ್ಪಾಡಾಯಿತು. ಆದರೆ ನಮ್ಮ ರಾಜ್ಯದಲ್ಲೇ ನಡೆದುದನ್ನು ನೆನೆಸಿಕೊಳ್ಳಿ. 2018ರ ಮೇ 12ರಂದು ಕರ್ನಾಟಕ ವಿಧಾನಸಭೆಗೆ ಮತದಾನ. ಅದಕ್ಕೆ ಮುಂಚೆ ಏಪ್ರಿಲ್ 24ರಿಂದ ಸುಮಾರು ಮೂರು ವಾರ ದಿನದಿನವೂ ಕುಣಿಯಬೇಕಾದ ಬೆಲೆ ಶಿಲಾಬಾಲಿಕೆಯಂತೆ ನಿಂತಲ್ಲೇ ನಿಂತಿತು. ಮತದಾನ ಮುಗಿದು ಮೇ 14 ಬಂತೋ ಇಲ್ಲವೋ, ಶಿಲೆಗೆ ಜೀವ ಬಂದಿತು! 2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೆ, ಉತ್ತರ ಪ್ರದೇಶವೇ ಮೊದಲಾದ ರಾಜ್ಯಗಳ ಚುನಾವಣೆಯ ಕಾಲದಲ್ಲಿ, ಇನ್ನೂ ದೀರ್ಘವಾದ ಇಂಥದೇ ಒಂದು ಸಮಾಧಿಸ್ಥಿತಿ ಉಂಟಾಗಿತ್ತು. ಕಾಕತಾಳೀಯ ನ್ಯಾಯವೆಂಬುದು ಸಂಸ್ಕೃತದಲ್ಲಿ ಒಂದಿದೆ. ಆದರೆ ಕಾಗೆ ಪ್ರತಿಸಲವೂ ಮತಪೆಟ್ಟಿಗೆಯ ಮೇಲೆಯೇ ಕೂತರೆ ನಾವು ಬೇರೆ ನ್ಯಾಯವನ್ನು ಹುಡುಕಬೇಕಾಗುತ್ತದೆ.

ಈ ಮೂರು ಕಂಪನಿಗಳ ಒಡೆಯರು ಯಾರೆಂಬುದನ್ನು ಕೇಳಿದರೆ ಅರ್ಧ ಒಗಟು ಬಿಡುತ್ತದೆ. ನಮ್ಮ ತಾತಂದಿರ ಕಾಲದಲ್ಲಿ ಎಣ್ಣೆ ಕಂಪನಿಯೆಂದರೆ ಬರ್ಮಾ ಶೆಲ್, ಎಸ್ಸೊ, ಕಾಲ್ಟೆಕ್ಸ್, ಮೂರೂ ಪರದೇಶದವು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ಬಿಗಿಹಿಡಿದು, ಕೆಲವೇ ತಿಂಗಳಲ್ಲಿ ಪೀಪಾಯಿಯ ಬೆಲೆ ಮೂರು ಡಾಲರಿನಿಂದ ಹನ್ನೊಂದು ಹನ್ನೆರಡಕ್ಕೆ ಹಾರಿದಾಗ, ಜನ ಅವರನ್ನು ಶಪಿಸಿದ್ದು ಸಹಜವೇ ಆಗಿತ್ತು. ಮುಂದೆ 1974ರಿಂದ 1976ರ ಒಳಗಾಗಿ ಆ ಮೂರನ್ನೂ ಭಾರತ ಸರ್ಕಾರ ವಶಪಡಿಸಿಕೊಂಡಿತು. ಬರ್ಮಾ ಶೆಲ್ ಭಾರತ್ ಪೆಟ್ರೋಲಿಯಂ ಆಯಿತು. ಉಳಿದೆರಡು ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ಸೇರಿದವು. ಇಂಡಿಯನ್ ಆಯಿಲ್ ಹುಟ್ಟಿನಿಂದಲೇ ಸರ್ಕಾರದ್ದು. ಹೀಗೆ ಕಂಪನಿಯ ಮೇಲಿನ ಹಳೆಯ ಬೈಗುಳ ಹಾಗೆಯೇ ಉಳಿಯಿತು. ಕಂಪನಿ ಮಾತ್ರ ನಮ್ಮದಾಯಿತು. ಅದರ ಲಾಭದಲ್ಲಿ ದೊಡ್ಡ ಪಾಲು ಡಿವಿಡೆಂಡಿನ ರೂಪದಲ್ಲಿ ಹೋಗುವುದು ಮತ್ತೆ ಸರ್ಕಾರದ ಬೊಕ್ಕಸಕ್ಕೆ. ಮನೆಯ ಯಜಮಾನನ ಮೇಲಿನ ಸಿಟ್ಟನ್ನು ಗುಮಾಸ್ತೆಯ ಮೇಲೆ ತೀರಿಸಿಕೊಂಡಂತಾಯಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಅತ್ತೆಯ ವಿಚಾರ. 2020ರ ಏಪ್ರಿಲ್ 20ರಂದು ಪ್ರಪಂಚ ಕಂಡರಿಯದ ಒಂದು ವಿಚಿತ್ರ ನಡೆಯಿತು. ಕೊರೋನಾ ರೋಗದ ದೆಸೆಯಿಂದ ವಾಹನಗಳೆಲ್ಲ ನಿಂತು, ಎಣ್ಣೆಯನ್ನು ಇಡಲು ಸ್ಥಳವಿಲ್ಲದೆ, ಅಮೆರಿಕದ ಪೇಟೆಯಲ್ಲಿ ಪೀಪಾಯಿಯ ಬೆಲೆ ಸೊನ್ನೆಗಿಂತಲೂ ಕೆಳಗೆ ಮೂವತ್ತೇಳು ಡಾಲರಿಗೆ ಇಳಿಯಿತು. ಎಣ್ಣೆಯನ್ನು ಒಯ್ಯುವವನಿಗೇ ದುಡ್ಡು ಕೊಡಬೇಕಾದ ಕಾಲ! ನಮ್ಮ ಬಂಕುಗಳಲ್ಲೂ ಪೆಟ್ರೋಲು ಅಗ್ಗವಾದೀತೆಂದು ಕಾದವರಿಗೆ ನಿರಾಶೆ ಕಾದಿತ್ತು. ಮಾರ್ಚ್ ಮತ್ತು ಮೇ ತಿಂಗಳಲ್ಲಿ ಎರಡು ಸಲ ಕೇಂದ್ರದ ಅಬಕಾರಿ ಸುಂಕ ಏರಿ, ಲೀಟರಿಗೆ 19.98 ರೂಪಾಯಿ ಇದ್ದುದು 32.98 ಆಯಿತು. ಪೇಟೆ ಕೊಟ್ಟ ವರವನ್ನು ಬೊಕ್ಕಸ ನುಂಗಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ಮುಂದೆ 2021ರ ನವೆಂಬರ್‌ನಲ್ಲಿಯೂ 2022ರ ಮೇ ತಿಂಗಳಲ್ಲಿಯೂ ಸುಂಕ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಪೇಟೆ ತಗ್ಗಿದ ಸಮಯ ನೋಡಿ ಮತ್ತೆ ಎರಡು ರೂಪಾಯಿ ಏರಿತು.

ರಾಜ್ಯದ ಕೈಯೇನೂ ಚಿಕ್ಕದಲ್ಲ. 2024ರ ಜೂನ್ 15ರಂದು ನಮ್ಮ ಸರ್ಕಾರ ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು, ಒಂದೇ ರಾತ್ರಿಯಲ್ಲಿ ಲೀಟರಿಗೆ ಮೂರು ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ಲಿನ ತೆರಿಗೆಯೂ ಏರಿ, ಲೀಟರು 91 ರೂಪಾಯಿ ದಾಟಿತು. ಶೇಕಡಾವಾರು ತೆರಿಗೆಯ ಒಂದು ಚಮತ್ಕಾರವೆಂದರೆ, ಪೇಟೆಯ ಬೆಲೆಯೋ ಕೇಂದ್ರದ ಸುಂಕವೋ ಏರಿದಾಗ ರಾಜ್ಯ ಕೈ ಕಟ್ಟಿ ಕುಳಿತಿದ್ದರೂ ಅದರ ವರಮಾನ ತಾನಾಗಿ ಬೆಳೆಯುತ್ತದೆ. ಕಂಪನಿಯದಲ್ಲದ ಈ ಪಾಲಿನ ಮಹಿಮೆಯನ್ನು ಕಣ್ಣಾರೆ ಕಾಣಬೇಕಾದರೆ ಮಂಗಳೂರಿನ ದಕ್ಷಿಣಕ್ಕೆ ತಲಪಾಡಿಯ ಗಡಿಗೆ ಹೋಗಬೇಕು. ಗೆರೆಯ ಈಚೆಗೂ ಆಚೆಗೂ ಅದೇ ಕಂಪನಿ, ಅದೇ ಪೆಟ್ರೋಲು. ಆದರೆ ಕೇರಳದ ತೆರಿಗೆ ಹೆಚ್ಚು. ಅದರ ಮೇಲೆ 2023ರ ಏಪ್ರಿಲ್‌ನಲ್ಲಿ ಎರಡು ರೂಪಾಯಿಯ ಸೆಸ್ಸೂ ಕೂಡಿತು. ಹೀಗಾಗಿ ಕಾಸರಗೋಡಿನ ಕನ್ನಡಿಗ ಬಂಧುಗಳು ಮಂಗಳೂರಿಗೆ ಬಂದಾಗ ಟ್ಯಾಂಕ್ ತುಂಬಿಸಿಕೊಂಡು ಹಿಂದಿರುಗುವುದು ವಾಡಿಕೆಯಾಯಿತು.

ರಾಜಕೀಯ ಪಕ್ಷಗಳು ಇದನ್ನೆಲ್ಲ ಅರಿಯವೆ? ಚೆನ್ನಾಗಿ ಅರಿತಿವೆ. ಅದಕ್ಕಾಗಿಯೇ ನಮ್ಮ ದೇಶದಲ್ಲಿ ಎತ್ತಿನ ಗಾಡಿ ಇನ್ನೂ ಬದುಕಿದೆ. 1973ರ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. 2021ರ ಸೆಪ್ಟೆಂಬರ್ 13ರಂದು ಸಿದ್ಧರಾಮಯ್ಯನವರೂ ಡಿ.ಕೆ. ಶಿವಕುಮಾರರೂ ಅದೇ ಕಾರಣಕ್ಕೆ ಎತ್ತಿನ ಗಾಡಿಯೇರಿ ವಿಧಾನಸೌಧಕ್ಕೆ ಬಂದರು. 2024ರ ಜೂನ್‌ನಲ್ಲಿ ಮೂರು ರೂಪಾಯಿ ಏರಿಸಿದ ಸರ್ಕಾರಕ್ಕೆ ಸಿದ್ಧರಾಮಯ್ಯನವರೇ ಮುಖ್ಯಮಂತ್ರಿ. ಬೀದಿಗಿಳಿದು ಪ್ರತಿಭಟಿಸಿದವರು ವಾಜಪೇಯಿಯವರ ಪಕ್ಷದವರು. ಇದರಲ್ಲಿ ಯಾವ ಪಕ್ಷವನ್ನೂ ಹಂಗಿಸುವುದು ನನ್ನ ಉದ್ದೇಶವಲ್ಲ. ಎತ್ತುಗಳು ಪಕ್ಷಾತೀತವಾದವು, ವಿರೋಧ ಪಕ್ಷದಲ್ಲಿ ಯಾರಿರುವರೋ ಅವರನ್ನು ಅವು ನಿಷ್ಠೆಯಿಂದ ಎಳೆಯುತ್ತವೆ. ಗದ್ದುಗೆ ಸಿಕ್ಕಿದ ಮೇಲೆ ಗಾಡಿಯಿಂದ ಇಳಿದು ಕಾರನ್ನು ಹತ್ತುವುದು ರಾಜಧರ್ಮವೆನಿಸಿದೆ.

ಹಾಗಾದರೆ ತೆರಿಗೆಯೇ ಪಾಪವೆನ್ನೋಣವೆ? ಅದನ್ನು ನಾನು ಒಪ್ಪಲಾರೆ. ನನಗೆ ಓದು ಕಲಿಸಿದ ಸರ್ಕಾರಿ ಶಾಲೆ ತೆರಿಗೆಯಿಂದ ನಡೆದುದು. ನನ್ನ ಸ್ಕೂಟರು ಉರುಳುವ ರಸ್ತೆ (ಗುಂಡಿಗಳನ್ನು ಕಳೆದು) ತೆರಿಗೆಯಿಂದ ಆದುದು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ, ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಿದ್ದ ನಮ್ಮ ಅತ್ತಿಗೆ ತಿಂಗಳಿಗೊಮ್ಮೆ ಹೋಗಿ ಬರುವ ಉತ್ಸಾಹ ತಾಳಿದರು. ನಾನು ಬಂಕಿನಲ್ಲಿ ಕೊಟ್ಟ ಎರಡು ರೂಪಾಯಿ ಅವರ ಟಿಕೆಟ್ಟಿನಲ್ಲಿ ಇದ್ದರೂ ಇರಬಹುದು. ಇದ್ದರೆ ನನಗೆ ಸಂತೋಷವೇ. ನನ್ನ ಕೊರಗು ಬೇರೆ. ಈ ಪಾಲುಗಳು ಎಲ್ಲಿಗೆ ಹೋಗುತ್ತವೆಂಬುದನ್ನು ಕೊಡುವವನಿಗೆ ಯಾರೂ ಹೇಳುವುದಿಲ್ಲ.

ಉದಾಹರಣೆಗೆ, ಕೇಂದ್ರದ ಆ 21 ರೂಪಾಯಿ 90 ಪೈಸೆಯನ್ನೇ ತೆಗೆದುಕೊಳ್ಳಿ. ಹೊರಗಿನಿಂದ ಒಂದೇ ಸುಂಕವೆಂದು ಕಾಣುವ ಇದರ ಒಳಗೆ ಮೂಲ ಸುಂಕವೆಂಬುದು 1 ರೂಪಾಯಿ 40 ಪೈಸೆ ಮಾತ್ರ. ಉಳಿದುದೆಲ್ಲ ವಿಶೇಷ ಹೆಚ್ಚುವರಿ ಸುಂಕ, ಕೃಷಿಯ ಸೆಸ್, ರಸ್ತೆಯ ಸೆಸ್. ಹಣಕಾಸು ಆಯೋಗ ಹೇಳಿದಂತೆ ಕೇಂದ್ರವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದುದು ಮೂಲ ಸುಂಕದಲ್ಲಿ ಮಾತ್ರ. ಸೆಸ್ಸು, ಹೆಚ್ಚುವರಿಗಳಲ್ಲಿ ಅಲ್ಲ. ಹದಿನೈದನೆಯ ಆಯೋಗದ ಪ್ರಕಾರ ಶೇಕಡಾ 41ರಂತೆ ಲೆಕ್ಕ ಹಾಕಿದರೆ ಎಲ್ಲ ರಾಜ್ಯಗಳಿಗೂ ಸೇರಿ ಬರುವುದು ಲೀಟರಿಗೆ 57 ಪೈಸೆ. ಆ ಆಯೋಗ ಕರ್ನಾಟಕಕ್ಕೆ ಗೊತ್ತುಮಾಡಿದ ಪಾಲು ಅದರಲ್ಲಿ ಶೇಕಡಾ 3.647, ಎಂದರೆ ಎರಡು ಪೈಸೆ! ಕೇಂದ್ರದ ಹಂಡೆಯಿಂದ ಎರಡು ಪೈಸೆಯ ತೊಟ್ಟು ಬೀಳುವುದನ್ನು ನೋಡಿದ ರಾಜ್ಯ ತನ್ನದೇ ಕೊಡವನ್ನು ನಮ್ಮ ಬಾವಿಗೆ ಇಳಿಸುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲನ್ನು ಅದರ ಹೊರಗಿಟ್ಟರು. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಕೂಡಿದ ಜಿಎಸ್‌ಟಿ ಮಂಡಳಿಯ ಮುಂದೆ ಈ ಪ್ರಶ್ನೆ ಬಂದಾಗ, ಅದಕ್ಕೆ ಕಾಲ ಕೂಡಿಬಂದಿಲ್ಲವೆಂದು ತೀರ್ಮಾನವಾಯಿತು. ಉಳಿದೆಲ್ಲ ವಿಷಯಗಳಲ್ಲಿ ಜಗಳವಾಡುವ ಕೇಂದ್ರ ರಾಜ್ಯಗಳು ಈ ಬಾವಿಯ ಹಗ್ಗವನ್ನು ಬಿಡಬಾರದೆಂಬ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿರುವುದು ರಾಷ್ಟ್ರೀಯ ಭಾವೈಕ್ಯದ ದೃಷ್ಟಿಯಿಂದ ಮೆಚ್ಚತಕ್ಕದ್ದೇ.

ಇಲ್ಲಿ ನನ್ನ ವೃತ್ತಿಯ ಒಂದು ಮಾತನ್ನು ಹೇಳಲು ಅಪ್ಪಣೆಯಾಗಬೇಕು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಎಣ್ಣೆಯ ಮೇಲಿನ ತೆರಿಗೆ ಹೊಸತಲ್ಲ. ಎಣ್ಣೆಯ ಗಾಣಕ್ಕೆ ಗಾಣದೆರೆ ಇತ್ತು. ಹೇರಿನ ಮೇಲೆ ಸುಂಕ, ಹೆಜ್ಜುಂಕ, ವಡ್ಡರಾವುಳ ಎಂದು ನಾನಾ ಹೆಸರಿನ ತೆರಿಗೆಗಳಿದ್ದವು. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರಾದ ಸುಂಕದ ಬಂಕಣ್ಣನವರ ಕಾಯಕವೇ ಸುಂಕ ಎತ್ತುವುದು. ಆದರೆ ಆ ಶಾಸನಗಳಲ್ಲಿ ನನ್ನನ್ನು ಸೆರೆಹಿಡಿದಿರುವುದು ಅವುಗಳ ಖಚಿತತೆ. ಇಂಥ ಊರಿನಲ್ಲಿ, ಇಷ್ಟು ಗಾಣಗಳಿಂದ, ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಇಂಥ ದೇವರ ನಂದಾದೀಪಕ್ಕೆ ಎಂದು ಅಳತೆಸಹಿತ ಕಲ್ಲಿನಲ್ಲಿ ಕಡೆದು, ಎಲ್ಲರೂ ಓಡಾಡುವ ಗುಡಿಯ ಮುಂದೆ ನಿಲ್ಲಿಸಿದರು. ಕೊಟ್ಟವನು ಸಂಜೆ ಗುಡಿಗೆ ಹೋದರೆ ತನ್ನ ಎಣ್ಣೆ ಉರಿಯುತ್ತಿರುವುದನ್ನು ಕಣ್ಣಾರೆ ಕಾಣಬಹುದಿತ್ತು. ಕಾಣದಿದ್ದರೆ ಕೇಳಬಹುದಿತ್ತು; ತಪ್ಪಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರಲೆಂಬ ಶಾಪವೂ ಕೊನೆಯ ಸಾಲಿನಲ್ಲಿ ಸಿದ್ಧವಾಗಿರುತ್ತಿತ್ತು. ಸಾವಿರ ವರ್ಷಗಳ ತರುವಾಯ ನಮ್ಮ ಬಂಕಿನ ಹಲಗೆ ಹೊಳೆಹೊಳೆಯುವ ದೀಪಗಳಿಂದ ಬೆಳಗುತ್ತಿದೆ. ಅದರ ಮೇಲಿರುವುದು ಒಂದೇ ಒಂದು ಅಂಕಿ. ಯಾರಿಗೆ ಎಷ್ಟು, ಯಾವ ದೀಪಕ್ಕೆ ಎಷ್ಟು ಎಂಬುದರ ಸುಳಿವೇ ಇಲ್ಲ. ಪಾಲು ಕಾಣದ ಕಡೆ ದೂರು ದಿಕ್ಕು ತಪ್ಪುತ್ತದೆ. ಹತ್ತಿರ ಸಿಕ್ಕ ಕಂಪನಿಯ ಮೇಲೋ, ಅದಕ್ಕೂ ಹತ್ತಿರದಲ್ಲಿ ಪೈಪು ಹಿಡಿದು ನಿಂತ ಬಡಪಾಯಿ ಹುಡುಗನ ಮೇಲೋ ಹೋಗಿ ಬೀಳುತ್ತದೆ.

ಇದು ಬರಿಯ ಪಾಂಡಿತ್ಯದ ಮಾತೆಂದು ವಾಚಕರು ತಳ್ಳಿಹಾಕಬಾರದು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಬೆಳಗ್ಗೆ ಮುಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳುತ್ತಾನೆ. ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಹೋಟೆಲುಗಳ ತಿಂಡಿಯನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಮಾಡುತ್ತಾನೆ. ಗಾಡಿ ಅವನದು, ಪೆಟ್ರೋಲೂ ಅವನದು. "ಒಂದು ಸಂಜೆಗೆ ಅರವತ್ತು ಕಿಲೋಮೀಟರು ಆಗುತ್ತೆ ಸಾರ್, ಲೀಟರಿಗೆ ನಲವತ್ತೈದು ಕೊಡುತ್ತೆ ಗಾಡಿ," ಎಂದು ಅವನು ಹೇಳಿದಾಗ ನಾನು ಲೆಕ್ಕ ಹಾಕಿದೆ. ಸಂಜೆಗೆ ಒಂದೂ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಎರಡು ಸರ್ಕಾರಗಳಿಗೆ ಅವನು ಸಲ್ಲಿಸುವ ತೆರಿಗೆ ಹತ್ತಿರ ಹತ್ತಿರ ಅರವತ್ತು ರೂಪಾಯಿ. ತಿಂಗಳಿಗೆ ಸಾವಿರದ ಎಂಟುನೂರರ ಅಂದಾಜು. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ ಹನ್ನೆರಡು ಲಕ್ಷದವರೆಗಿನ ಸಂಪಾದನೆಗೆ ವರಮಾನ ತೆರಿಗೆ ಬೇಡವೆಂದಾಗ ನಾವು ಮಧ್ಯಮ ವರ್ಗದವರೆಲ್ಲ ಸಂಭ್ರಮಿಸಿದೆವು. ಆ ಮಿತಿಯ ಹತ್ತರಲ್ಲೊಂದು ಪಾಲನ್ನೂ ಕಾಣದ ಈ ಹುಡುಗ ಮಾತ್ರ ದಿನವೂ ತೆರಿಗೆ ಕಟ್ಟುತ್ತಾನೆ. ಭಾರಿ ಕಾರಿನ ಸಾಹುಕಾರ ಲೀಟರಿಗೆ ಎಷ್ಟು ಕಟ್ಟುವನೋ ಸರಿಯಾಗಿ ಅಷ್ಟೇ. ಹಾಗಿದ್ದೂ ತೆರಿಗೆ ಕಟ್ಟುವ ಪ್ರಜೆಯೆಂಬ ಗೌರವ ಅವನಿಗಿಲ್ಲ. ಕಟ್ಟುತ್ತಿರುವುದು ಅವನಿಗೇ ತಿಳಿಯದು. 2024ರಲ್ಲಿ ಏರಿದ ಮೂರು ರೂಪಾಯಿ ನನಗೆ ತಿಂಗಳಿಗೆ ಮೂವತ್ತಾರು ರೂಪಾಯಿಯ ಗೊಣಗಾಟ; ಅವನಿಗೆ ನೂರ ಇಪ್ಪತ್ತು ರೂಪಾಯಿ, ಎಂದರೆ ಕೊಳ್ಳದೆ ಬಿಟ್ಟ ಒಂದು ಪಠ್ಯಪುಸ್ತಕ.

"ಸಾರ್, ಈ ಕಂಪನಿಯವರು ಹೀಗೇಕೆ ಮಾಡುತ್ತಾರೆ?" ಎಂದು ಅವನು ಕೇಳಿದ. ಯಾವ ಕಂಪನಿಯೆಂದು ನಾನು ಕೇಳಲಿಲ್ಲ. ಕಪ್ಪು ಹಲಗೆಯ ಮೇಲೆ 103 ಎಂದು ಬರೆದು, ಅದನ್ನು ನಾಲ್ಕು ಪಾಲಾಗಿ ಬಿಡಿಸಿ ತೋರಿಸಿದೆ. ತರಗತಿ ನಿಶ್ಶಬ್ದವಾಯಿತು. ಕೇಶಿರಾಜನ ಸೂತ್ರಗಳಿಗೆ ಎಂದೂ ದೊರೆಯದ ಗಮನ ಆ ನಾಲ್ಕು ಅಂಕಿಗಳಿಗೆ ದೊರೆಯಿತು. ಹುಡುಗ ಬಹಳ ಹೊತ್ತು ನೋಡಿ, "ಇದನ್ನು ಬಿಲ್ಲಿನ ಮೇಲೇ ಬರೆದುಬಿಡಬಹುದಲ್ಲ ಸಾರ್?" ಎಂದ.

ನನ್ನ ಮಟ್ಟಿಗೆ ತೀರ್ಪೆಂದರೆ ಅದೇ. ಪೆಟ್ರೋಲಿನ ಪಾಪದಲ್ಲಿ ಕಂಪನಿಗೆ ಒಂದು ಪಾಲಿದೆ; ಆದರೆ ಕಿರಿಯ ಪಾಲು. ನಮ್ಮ ನೆಲದಲ್ಲಿ ಸಾಕಷ್ಟು ಎಣ್ಣೆ ಹುಟ್ಟದಿರುವುದು ಯಾರ ಪಾಪವೂ ಅಲ್ಲ. ಹಿರಿಯ ಪಾಲು ಎರಡು ಸರ್ಕಾರಗಳದು, ಆ ಪಾಲನ್ನು ಪಡೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಕಂಪನಿಯ ಬೆನ್ನ ಹಿಂದೆ ನಿಂತು ಪಡೆಯುವುದರಲ್ಲಿದೆ. ಸೋಪಿನ ಪೊಟ್ಟಣದ ಬಿಲ್ಲಿನಲ್ಲಿ ತೆರಿಗೆ ಎಷ್ಟೆಂದು ಕೇಂದ್ರಕ್ಕೊಂದು ರಾಜ್ಯಕ್ಕೊಂದು ಸಾಲಿನಲ್ಲಿ ಅಚ್ಚಾಗುವ ಈ ಕಾಲದಲ್ಲಿ, ಬಂಕಿನ ಚೀಟಿಯ ಮೇಲೆ ಇನ್ನು ನಾಲ್ಕು ಸಾಲನ್ನು ಸೇರಿಸುವುದಕ್ಕೆ ಯಾವ ಸಂಸ್ಕರಣಾಗಾರವನ್ನೂ ಕಟ್ಟಬೇಕಾಗಿಲ್ಲ. ಬೆಲೆ ಅದರಿಂದ ಒಂದು ಪೈಸೆಯೂ ಇಳಿಯದಿರಬಹುದು. ಆದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯಿದೆಯಲ್ಲ, ಅದರ ಮೊದಲು ಸುಂಕದವನು ಯಾರೆಂದಾದರೂ ತಿಳಿಯುವುದು ಒಳ್ಳೆಯದಲ್ಲವೆ? ಶಾಸನಗಳ ಆ ಕೊನೆಯ ಸಾಲಿನ ಶಾಪವನ್ನು ಯಾರಿಗೂ ಹಾಕುವ ಮನಸ್ಸು ನನಗಿಲ್ಲ; ಅದರ ಮೇಲಿನ ನಾಲ್ಕು ಸಾಲುಗಳನ್ನು ಬರೆಸಿದರೆ ಸಾಕು.